ಗಡ್ಡೆಗೆ ಪಾಸ್ ಇಲ್ಲ

ನನ್ನ ಅಕ್ಕನಿಗೆ ಬುದ್ಧಿ ಹೇಳುವುದೆಂದರೆ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟಿನಿಂದಲೇ ಹೇಳುತ್ತಿದ್ದೇನೆ ಅಂತ ಇಟ್ಟುಕೊಳ್ಳಿ, ನನಗೇನೂ ಬೇಜಾರಿಲ್ಲ. ಆ ದಿನಗಳಲ್ಲಿ ನನ್ನ ಜಾಗದಲ್ಲಿ ನೀವಿದ್ದಿದ್ದರೆ ತಲೆಗೂದಲು ಕಿತ್ತುಕೊಂಡು ಬೀದಿಗೆ ಓಡುತ್ತಿದ್ದಿರಿ.

ನಾನು ಆಸ್ಪತ್ರೆಯ ಲ್ಯಾಬ್ ಡಾಕ್ಟರು. ರೋಗಿಗಳ ಮುಖ ನನಗೆ ಗೊತ್ತಿಲ್ಲ, ಅವರ ಮೈಯಿಂದ ತೆಗೆದು ಕಳಿಸಿದ ಚೂರು ಮಾತ್ರ ಗೊತ್ತು. ಆ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಅಂಟಿಸಿ, ನೇರಳೆ ಗುಲಾಬಿ ಬಣ್ಣ ಕುಡಿಸಿ ನನ್ನ ಮೇಜಿಗೆ ತಂದಿಡುತ್ತಾರೆ. ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ನೋಡಿ, ಇದು ಇಂಥದ್ದು ಅಂತ ಬರೆದು ಕಳಿಸುತ್ತೇನೆ. ಅಕ್ಕ ಇದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಕೋಣೆಯ ಯಜಮಾನಿ. ಹಾಸಿಗೆಯ ಮೇಲಿನ ಬಟ್ಟೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಅಂಗಿ ಎಲ್ಲ ಒಗೆದು ಇಸ್ತ್ರಿಯಾಗಿ ಅವಳ ಕೈ ದಾಟಿಯೇ ಮೇಲೆ ಹೋಗಬೇಕು. ಹರಿದದ್ದು ಕಂಡರೆ ಹೊಲಿಯುತ್ತಾಳೆ, ಹೊಲಿಯಲು ಆಗದಷ್ಟು ಹರಿದದ್ದನ್ನು ಪಟ್ಟಿಪಟ್ಟಿಯಾಗಿ ಸೀಳಿ ಸುರುಳಿ ಸುತ್ತಿಡುತ್ತಾಳೆ. ಬಿಸಾಡುವುದು ಅವಳ ಜಾಯಮಾನದಲ್ಲೇ ಇಲ್ಲ.

ಒಂದು ದಿನ ನನ್ನ ಮೇಜಿಗೆ ಬಂದ ಗಾಜಿನ ಮೇಲೆ ಅಕ್ಕನ ಹೆಸರಿತ್ತು. ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಅಂತ ಸರ್ಜನ್ ಮೇಡಂ ಸೂಜಿ ಹಾಕಿ ತೆಗೆದು ಕಳಿಸಿದ್ದರು. ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನೋಡಿದೆ. ಹಾಲಿನ ನಾಳದೊಳಗೆ ಕೆಟ್ಟ ಕೋಶಗಳು ಸಂತೆ ನೆರೆದಂತೆ ಕಿಕ್ಕಿರಿದಿದ್ದವು. ಆದರೆ ನಾಳದ ಸುತ್ತಲಿನ ಪೊರೆ ಎಲ್ಲೂ ಹರಿದಿರಲಿಲ್ಲ. ಇಡೀ ಗಾಜನ್ನು ಅಂಗುಲ ಅಂಗುಲ ಹುಡುಕಿದೆ, ಆಮೇಲೆ ಮತ್ತೆ ಹುಡುಕಿದೆ. ಎಲ್ಲೂ ಇಲ್ಲ. ಕಳ್ಳರು ಕೋಣೆಯೊಳಗೇ ಇದ್ದಾರೆ, ಬಾಗಿಲು ಇನ್ನೂ ಮುರಿದಿಲ್ಲ. ನನಗೆ ಹೋದ ಜೀವ ಬಂದಂತಾಯಿತು, ಮೆಟ್ಟಿಲನ್ನು ಎರಡೆರಡಾಗಿ ಇಳಿದು ನೆಲಮಾಳಿಗೆಗೆ ಓಡಿದೆ.

ಅಕ್ಕ ಹೊಲಿಗೆ ಮೆಷಿನ್ ಮುಂದೆ ಕೂತು ದಿಂಬಿನ ಚೀಲಕ್ಕೆ ಅಂಚು ಹಾಕುತ್ತಿದ್ದಳು.

"ಅಕ್ಕಾ, ಪುಣ್ಯ ಮಾಡಿದ್ದೀಯ! ಇನ್ನೂ ದಾಟಿಲ್ಲ. ಈಗಲೇ ತೆಗೆಸಿಬಿಟ್ರೆ ಕಥೆ ಮುಗೀತು."

"ದಾಟಿಲ್ಲ ತಾನೇ?"

"ಇಲ್ಲ."

"ಮತ್ತೆ ತೆಗೆಸೋದು ಯಾಕೆ? ಅದರ ಪಾಡಿಗೆ ಅದು ಬಿದ್ದಿದೆ. ಸುಮ್ನಿರಲಾರದೆ ಇರುವೆ ಬಿಟ್ಕೊಂಡ ಹಾಗೆ."

"ಇವತ್ತು ಉಗುರಲ್ಲಿ ಹೋಗೋದಕ್ಕೆ ನಾಳೆ ಕೊಡಲಿ ಬೇಕಾಗುತ್ತೆ, ಅಕ್ಕ."

"ಕತ್ತಿ ತಾಗಿದ್ರೆ ಹರಡುತ್ತೆ ಪುಟ್ಟಿ. ಅಮ್ಮಂದು ಹರಡ್ಲಿಲ್ವಾ?"

ಅಮ್ಮನಿಗೂ ಇದೇ ಜಾಗದಲ್ಲಿ ಗಂಟಾಗಿತ್ತು. ಅಮ್ಮ ಅದನ್ನು ಯಾರಿಗೂ ಹೇಳದೆ, ನಮಗೆ ಬೇಯಿಸಿ ಹಾಕಿಕೊಂಡು, ನೋವು ತಡೆಯಲಾಗದಿದ್ದಾಗ ಮಾತ್ರ ಡಾಕ್ಟರ ಹತ್ತಿರ ಹೋದಳು. ಆಪರೇಷನ್ ಆಯಿತು. ಅದಾದ ಮೇಲೆ ಬೆನ್ನು ಮೂಳೆ, ಲಿವರ್, ಎಲ್ಲ ಕಡೆ ಕಾಣಿಸಿಕೊಂಡಿತು. ನಾನಾಗ ಚಿಕ್ಕವಳು. ಅಮ್ಮನ ಮಗ್ಗುಲು ಬದಲಿಸಿದ್ದು, ಮೈ ಒರೆಸಿದ್ದು, ಕೊನೆಗೆ ಕಣ್ಣು ಮುಚ್ಚಿಸಿದ್ದು ಅಕ್ಕ. ಅವಳ ಕಣ್ಣಿಗೆ ಕಂಡದ್ದು ಇಷ್ಟೇ: ಕತ್ತಿ ಒಳಗೆ ಹೋಯಿತು, ರೋಗ ಹೊರಗೆ ಬಂತು.

"ಅದು ಹಾಗಲ್ಲ ಅಕ್ಕ" ಅಂದೆ.

"ನೀನು ಓದಿದ್ದು, ನಾನು ಕಂಡಿದ್ದು. ಯಾವುದು ದೊಡ್ಡದು? ನನ್ನ ಕೈಲಿ ಜಡೆ ಹಾಕಿಸ್ಕೊಂಡೋಳು ನೀನು. ನಂಗೇ ಪಾಠ ಹೇಳೋಕೆ ಬಂದ್ಲು!"

ನನಗೆ ಐವತ್ತು ದಾಟಿದೆ. ಲ್ಯಾಬಿನಲ್ಲಿ ನಾನು ಕೆಮ್ಮಿದರೆ ಹುಡುಗರು ಎದ್ದು ನಿಲ್ಲುತ್ತಾರೆ. ನೆಲಮಾಳಿಗೆಗೆ ಇಳಿದರೆ ಸಾಕು, ನಾನು ಪುಟ್ಟಿ. ಸರ್ಜನ್ ಮೇಡಂ ತಾವೇ ಹೋಗಿ ಹೇಳಿ ನೋಡಿದರು. ಹೋದವರು ಸಪ್ಪೆ ಮುಖ ಮಾಡಿಕೊಂಡು ಬಂದರು. "ನಿಮ್ಮಕ್ಕ ನನ್ನ ಮಾತೆಲ್ಲ ಕೇಳಿದ್ರು, ಆಮೇಲೆ ನನ್ನ ಕೋಟಿನ ಗುಂಡಿ ಹೊಲಿದು ಕಳಿಸಿದ್ರು" ಅಂದರು. "ಆದ್ರೆ ತುಂಬ ದಿನ ಕಾಯೋ ಹಾಗಿಲ್ಲ. ಇವತ್ತು ಪೊರೆಯೊಳಗಿದೆ, ಯಾವತ್ತು ಆಚೆ ಕಾಲಿಡುತ್ತೋ ಯಾರಿಗೆ ಗೊತ್ತು?"

ಆ ಹೊತ್ತಿಗೆ ಸರಿಯಾಗಿ ನಮ್ಮ ದೊಡ್ಡ ಡಾಕ್ಟರು, ಅಂದರೆ ಇಡೀ ಆಸ್ಪತ್ರೆಯ ಮುಖ್ಯಸ್ಥರು, ಒಂದು ಆಜ್ಞೆ ಹೊರಡಿಸಿದರು. ಪ್ರತಿ ವಿಭಾಗವೂ ಸಿಬ್ಬಂದಿಗಾಗಿ ಒಂದೊಂದು ಆರೋಗ್ಯ ಅರಿವಿನ ಕಾರ್ಯಕ್ರಮ ಮಾಡಬೇಕು, ಸಭಾಂಗಣಕ್ಕೆ ಎಲ್ಲರೂ ಬರಲೇಬೇಕು, ತಪ್ಪಿಸಿಕೊಂಡವರ ಒಂದು ದಿನದ ರಜೆ ಖೋತಾ. ನನ್ನ ತಲೆಯಲ್ಲಿ ದೀಪ ಹತ್ತಿತು. ಅಕ್ಕ ಪಾಠ ಕೇಳುವುದಿಲ್ಲ, ಆದರೆ ನಾಟಕ ಅಂದರೆ ಪ್ರಾಣ. ಕಣ್ಣಿಂದ ಕಂಡದ್ದನ್ನು ಮಾತ್ರ ನಂಬುತ್ತಾಳಲ್ಲ, ಕಾಣಿಸಿಯೇ ಬಿಡೋಣ. ಗಡ್ಡೆಯ ಕೋಶ ಪೊರೆ ಹರಿದು ಹೊರಬರುವುದನ್ನು ಆಡಿ ತೋರಿಸುತ್ತೇನೆ. ನೋಡುವವರು ಇನ್ನೂರು ಜನರಿರಲಿ, ಮುನ್ನೂರು ಜನರಿರಲಿ, ನನಗೆ ಬೇಕಾದ ಪ್ರೇಕ್ಷಕಿ ಒಬ್ಬಳೇ.

ಕೋಶವೊಂದು ಹೇಗೆ ಹೊರಡುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ನಾಳದ ಒಳಪದರದಲ್ಲಿ ಕೋಶಗಳೆಲ್ಲ ಒಂದರ ಕೈ ಒಂದು ಹಿಡಿದು ನಿಂತಿರುತ್ತವೆ. ಹಾಗೆ ಹಿಡಿಯುವುದಕ್ಕೆಂದೇ ಅವುಗಳ ಮೈಮೇಲೆ ಒಂದು ಜಾತಿಯ ಪ್ರೋಟೀನ್ ಇದೆ. ಕೆಟ್ಟ ಕೋಶ ಮೊದಲು ಆ ಕೈ ಬಿಡುತ್ತದೆ. ಆಮೇಲೆ ದುಂಡಗಿದ್ದದ್ದು ಉದ್ದವಾಗಿ, ಪೊರೆಯ ಕಡೆಗೆ ಒಂದು ಪುಟ್ಟ ಕಾಲು ಚಾಚುತ್ತದೆ. ಪೊರೆ ಅಂದರೆ ಪ್ರೋಟೀನಿನ ಎಳೆಗಳನ್ನು ನೇಯ್ದು ಮಾಡಿದ ಹಾಸು, ನಾಳದ ಕಾಂಪೌಂಡ್ ಗೋಡೆ ಅನ್ನಿ. ಚಾಚಿದ ಕಾಲಿನ ತುದಿಯಲ್ಲಿ ಎಳೆಯನ್ನು ಕಚ್ಚಿಕೊಳ್ಳುವ ಕೊಕ್ಕೆಗಳಿರುತ್ತವೆ, ಎಳೆಯನ್ನು ಕತ್ತರಿಸುವ ಕಿಣ್ವಗಳಿರುತ್ತವೆ. ಹಿಡಿ, ಕತ್ತರಿಸು, ನುಗ್ಗು. ಒಮ್ಮೆ ದಾಟಿತೋ, ಆಚೆ ರಕ್ತನಾಳ. ಅಲ್ಲಿಂದ ಮೂಳೆಗೋ ಶ್ವಾಸಕೋಶಕ್ಕೋ, ಮನಸ್ಸು ಬಂದ ಕಡೆ.

ಕೆಟ್ಟ ಕೋಶದ ಪಾತ್ರಕ್ಕೆ ಆಸ್ಪತ್ರೆಯ ಎಲೆಕ್ಟ್ರಿಷಿಯನ್ನನ್ನು ಹಿಡಿದೆ. ಎಲ್ಲರೂ ಅವನನ್ನು ಕರೆಂಟಣ್ಣ ಅನ್ನುತ್ತಾರೆ. ಸೂಜಿ ತೂರದ ಕಡೆ ಅವನು ತೂರುತ್ತಾನೆ. ಮೇಲ್ಛಾವಣಿಯ ಸಂದಿ, ನೆಲದಡಿಯ ಕೊಳವೆ, ಎಲ್ಲಿಂದಲೋ ಒಳಹೊಕ್ಕು ಇನ್ನೆಲ್ಲಿಂದಲೋ ತಲೆ ಹೊರಹಾಕುತ್ತಾನೆ.

"ಮೇಡಂ, ನಾನು ಒಳ್ಳೆಯವನಾ, ಕೆಟ್ಟವನಾ?" ಅಂತ ಕೇಳಿದ.

"ಕೆಟ್ಟವನು."

"ಯಾಕೆ ಕೆಟ್ಟೆ ಅಂತ ಗೊತ್ತಾದ್ರೆ ಆಕ್ಟಿಂಗ್ ಚೆನ್ನಾಗಿ ಬರುತ್ತೆ."

"ಯಾಕೂ ಇಲ್ಲ ಕಣೋ. ಒಂದು ಕೋಶ ಎರಡಾಗೋವಾಗ ನಕಲು ತೆಗೆಯೋದ್ರಲ್ಲಿ ಎಲ್ಲೋ ತಪ್ಪಾಗಿದೆ."

"ಅಯ್ಯೋ ಪಾಪ" ಅಂದ ಕರೆಂಟಣ್ಣ, ತನ್ನ ಬಗ್ಗೆಯೇ.

ಅವನಿಗೊಂದು ಹಳೆಯ ರಜಾಯಿ ಹೊದಿಸಿ, ಒಳಗೆ ಹತ್ತಿ ತುಂಬಿಸಿ, ಲ್ಯಾಬಿನ ನೇರಳೆ ಬಣ್ಣದಲ್ಲೇ ಅದ್ದಿ ತೆಗೆದೆವು. ಬಣ್ಣ ಅವನ ಕುತ್ತಿಗೆಗೂ ಕಿವಿಗೂ ಹತ್ತಿ, ನಲ್ಲಿಯಡಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ವಾರ್ಡಿನಲ್ಲಿ ಬಲ್ಬ್ ಹಾಕಲು ಹೋದರೆ ರೋಗಿಗಳು ಇವನಿಗೇನೋ ಅಂಟುರೋಗ ಅಂತ ಮುಸುಕು ಹಾಕಿಕೊಳ್ಳುತ್ತಿದ್ದರು.

ಕೈ ಹಿಡಿದು ನಿಲ್ಲುವ ಒಳ್ಳೆಯ ಕೋಶಗಳಾಗಿ ಲೆಕ್ಕಪತ್ರ ವಿಭಾಗದ ಗುಮಾಸ್ತರು ಬಂದರು. ಅವರಲ್ಲಿ ಇಬ್ಬರು ಒಂದು ಫ್ಯಾನಿನ ವಿಚಾರಕ್ಕೆ ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟವರು. ನನಗದು ಗೊತ್ತಿಲ್ಲದೆ ಅಕ್ಕಪಕ್ಕ ನಿಲ್ಲಿಸಿ ಕೈ ಹಿಡಿಸಿಬಿಟ್ಟೆ. ಮೊದಲು ಬೆರಳ ತುದಿಯಲ್ಲಿ ಹಿಡಿದರು. ವಾರದೊಳಗೆ ತಾಲೀಮು ಮುಗಿದ ಮೇಲೂ ಬಿಡದೆ, ಹಾಗೇ ಕೈ ಹಿಡಿದುಕೊಂಡು ಕ್ಯಾಂಟೀನಿಗೆ ಹೋಗುವುದನ್ನು ನಾನೇ ಕಣ್ಣಾರೆ ಕಂಡೆ. ಇವರಿಗೆ ಗಡ್ಡೆ ಬರುವುದಾದರೂ ಹೇಗೆ ಅನ್ನಿಸಿತು.

ಪೇಚಾಟ ಬಂದದ್ದು ಪೊರೆಯ ವಿಷಯದಲ್ಲಿ. ನಾನು ಯೋಚಿಸಿದ್ದು ಸುಲಭ. ಒಂದು ದೊಡ್ಡ ಬಿಳಿ ಬಟ್ಟೆಯನ್ನು ವೇದಿಕೆಯ ಉದ್ದಕ್ಕೂ ಕಟ್ಟುವುದು, ಕರೆಂಟಣ್ಣ ಕತ್ತರಿಯಿಂದ ಪರ್ ಅಂತ ಸೀಳಿಕೊಂಡು ಆಚೆ ಬರುವುದು, ಆ ಸದ್ದಿಗೆ ಅಕ್ಕನ ಎದೆ ಝಲ್ಲೆನ್ನುವುದು. ಬಟ್ಟೆ ಕೇಳಲು ಅಕ್ಕನ ಹತ್ತಿರವೇ ಹೋದೆ.

"ತಗೊಂಡು ಹೋಗು, ಒಗೆದು ವಾಪಸ್ ಕೊಡು" ಅಂದಳು.

"ವಾಪಸ್ ಕೊಡೋಕಾಗಲ್ಲ ಅಕ್ಕ. ಅದನ್ನ ಸೀಳ್ತೀವಿ."

ಮೆಷಿನ್ ನಿಂತಿತು. "ಏನಂದೆ?"

"ನಾಟಕಕ್ಕೆ. ಹರಿದಿರೋದು ಇದ್ರೂ ಸಾಕು."

"ಹರಿದಿರೋದನ್ನ ಹೊಲಿದು ಇಟ್ಟಿದ್ದೀನಿ, ನೀನು ಸೀಳು ಅಂತಲ್ಲ! ಗಟ್ಟಿಮುಟ್ಟಾದ ಬಟ್ಟೆನ ಸುಮ್ಸುಮ್ನೆ ಸೀಳ್ತಾಳಂತೆ. ನಿಂಗೆ ಕತ್ತರಿಸೋದು ಬಿಟ್ಟು ಬೇರೆ ಏನೂ ಗೊತ್ತಿಲ್ವಾ?"

ಮಾರುಕಟ್ಟೆಗೆ ಹೋಗಿ ಕೊಂಡು ತರುತ್ತೇನೆ ಅಂದೆ. ಕೊಂಡದ್ದಾದರೇನು, ಬಟ್ಟೆ ಬಟ್ಟೆಯೇ, ನನ್ನ ಕಣ್ಣೆದುರು ಸೀಳಿದರೆ ಎದ್ದು ಹೋಗುತ್ತೇನೆ ಅಂದಳು. ಅವಳು ಎದ್ದು ಹೋದರೆ ನಾಟಕ ಯಾರಿಗೆ? ಹಲ್ಲು ಕಚ್ಚಿಕೊಂಡು ಮೇಲೆ ಬಂದೆ. ಬಟ್ಟೆ ಬೇಡ, ಮನುಷ್ಯರನ್ನೇ ಪೊರೆ ಮಾಡುತ್ತೇನೆ ಅಂತ ತೀರ್ಮಾನಿಸಿದೆ. ಆಗ ಗೇಟಿನ ಹತ್ತಿರ ಸಾಲಾಗಿ ನಿಂತಿದ್ದ ಕಾವಲುಗಾರರು ಕಣ್ಣಿಗೆ ಬಿದ್ದರು. ಒಬ್ಬೊಬ್ಬರೂ ಬಾಗಿಲಿನಷ್ಟು ಅಗಲ. ಇನ್ನೇನು ಬೇಕು?

ಅವರ ಮುಖ್ಯಸ್ಥನನ್ನು ಎಲ್ಲರೂ ಗೇಟಪ್ಪ ಅನ್ನುತ್ತಾರೆ. ಅವನ ಮಾತು ಕಡಿಮೆ, ಮೀಸೆ ಜಾಸ್ತಿ. ಪಾಸ್ ಇಲ್ಲದೆ ಅವನ ಮಗಳೇ ಊಟದ ಡಬ್ಬಿ ತಂದರೂ ಹೊರಗೇ ನಿಲ್ಲಿಸಿಕೊಂಡು ಊಟ ಮಾಡಿ ಕಳಿಸುವ ಆಸಾಮಿ. ಆದರೆ ಸ್ವಲ್ಪ ದಿನದ ಹಿಂದೆ ಯಾರೋ ಔಷಧಿ ಕಂಪನಿಯವನು ಹೇಗೋ ನುಸುಳಿ ದೊಡ್ಡ ಡಾಕ್ಟರ ಮೇಜಿನವರೆಗೂ ಹೋಗಿಬಿಟ್ಟಿದ್ದ. ಎಲ್ಲರೆದುರು ಗೇಟಪ್ಪನಿಗೆ ಮಂಗಳಾರತಿಯಾಗಿತ್ತು. ಅವತ್ತಿನಿಂದ ಅವನು ಸರಿಯಾಗಿ ಊಟ ಮಾಡಿರಲಿಲ್ಲವಂತೆ.

"ನಿಮ್ಮ ಪಾತ್ರ ಪೊರೆ" ಅಂದೆ. "ತೋಳಿಗೆ ತೋಳು ಹೆಣೆದು ಸಾಲಾಗಿ ನಿಲ್ಲಬೇಕು. ಇವನು ನುಗ್ಗೋಕೆ ಬರ್ತಾನೆ. ಜೀವ ಹೋದ್ರೂ ಬಿಡಬಾರದು."

ಗೇಟಪ್ಪನ ಕಣ್ಣು ಒದ್ದೆಯಾಯಿತು. "ಡಾಕ್ಟರಮ್ಮಾ, ಇಷ್ಟು ವರ್ಷದಲ್ಲಿ ನಮ್ಮ ಕೆಲಸ ಅರ್ಥ ಮಾಡ್ಕೊಂಡೋರು ನೀವೊಬ್ರೇ."

"ಆಮೇಲೆ ನಾನು ಸೀಟಿ ಊದ್ತೀನಿ, ಆಗ ಬಿಡಬೇಕು" ಅಂದೆ. ಅದು ಅವನ ಕಿವಿಗೆ ಹೋಯಿತೋ ಇಲ್ಲವೋ, ನಾನು ಗಮನಿಸಲಿಲ್ಲ. ಇಬ್ಬಿಬ್ಬರು ಕಾವಲುಗಾರರ ನಡುವೆ ಕಾಗದದ ಪಟ್ಟಿ ಅಂಟಿಸಿದೆವು, ಅದೇ ಪೊರೆಯ ಎಳೆ. ಕರೆಂಟಣ್ಣ ತನ್ನ ಇಕ್ಕಳದಿಂದ ಅದನ್ನು ಕತ್ತರಿಸಿ ನುಗ್ಗಬೇಕು. ತಾಲೀಮಿನಲ್ಲಿ ಎಲ್ಲ ಸರಿಯಾಗಿಯೇ ಆಯಿತು. ಗೇಟಪ್ಪ ಮಾತ್ರ ಪ್ರತಿ ಸಲ ಕರೆಂಟಣ್ಣ ದಾಟುವಾಗ, ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡುತ್ತಿದ್ದ.

ನಾಟಕದ ದಿನ ಸಭಾಂಗಣ ತುಂಬಿತ್ತು. ದೊಡ್ಡ ಡಾಕ್ಟರು ಮುಂದಿನ ಸಾಲಿನಲ್ಲಿ. ಅವರ ಪಕ್ಕ ಸರ್ಜನ್ ಮೇಡಂ, ಅವರ ಪಕ್ಕ ಅಕ್ಕ. ಸುಮ್ಮನೆ ಕೂರುವುದು ಅವಳಿಗೆ ಗೊತ್ತಿಲ್ಲ, ಹಳೇ ಬಟ್ಟೆಯ ಪಟ್ಟಿಗಳನ್ನು ಮಡಿಲಲ್ಲಿಟ್ಟುಕೊಂಡು ಸುರುಳಿ ಸುತ್ತುತ್ತಿದ್ದಳು. ಗುಮಾಸ್ತರು ಕೈ ಕೈ ಹಿಡಿದು ಬಂದರು, ಚಪ್ಪಾಳೆ ಬಿತ್ತು. ನೇರಳೆ ಕರೆಂಟಣ್ಣ ಕೈ ಕೊಸರಿಕೊಂಡ, "ನನಗೆ ಯಾರೂ ಬೇಡ!" ಅಂತ ಗುಡುಗಿದ. ಜೋರಾಗಿ ನಕ್ಕರು. ಕಾವಲುಗಾರರು ದಡದಡ ಬೂಟು ಬಡಿಯುತ್ತಾ ಬಂದು ವೇದಿಕೆಯ ಅಂಚಿನುದ್ದಕ್ಕೂ, ಪ್ರೇಕ್ಷಕರಿಗೆ ಮುಖ ಮಾಡಿ ಗೋಡೆ ಕಟ್ಟಿ ನಿಂತರು. ನಾನು ಪಕ್ಕದ ಪರದೆಯ ಮರೆಯಿಂದ ನೋಡಿದೆ. ಕಾಗದದ ಪಟ್ಟಿ ಇರಲಿಲ್ಲ. ಗೇಟಿನ ಹತ್ತಿರ ಜನರನ್ನು ತಡೆಯಲು ಕಟ್ಟುವ ನೈಲಾನ್ ಹಗ್ಗವನ್ನು ಸೊಂಟದಿಂದ ಸೊಂಟಕ್ಕೆ ಕೊಕ್ಕೆ ಹಾಕಿ ಬಿಗಿದಿದ್ದರು.

"ಗೇಟಪ್ಪಾ, ಏನಿದು?" ಅಂತ ಪಿಸುಗುಟ್ಟಿದೆ.

"ಕಾಗದ ಹರಿದುಹೋಗುತ್ತೆ ಡಾಕ್ಟರಮ್ಮಾ" ಅಂತ ಅವನೂ ಪಿಸುಗುಟ್ಟಿದ. "ದೊಡ್ಡ ಡಾಕ್ಟರು ನೋಡ್ತಾ ಕೂತಿದ್ದಾರೆ."

ಕರೆಂಟಣ್ಣ ಕಾಲು ಚಾಚಿದ. ಕಾವಲುಗಾರನೊಬ್ಬ ಆ ಕಾಲನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ. ಕರೆಂಟಣ್ಣ ಹಗ್ಗಕ್ಕೆ ಇಕ್ಕಳ ಹಾಕಿದ, ಹಗ್ಗ ಮಿಸುಕಲಿಲ್ಲ. ನಾನು ಸೀಟಿ ಊದಿದೆ. ಕಾವಲುಗಾರರು ಎದೆ ಸೆಟೆಸಿ ಇನ್ನೂ ಬಿಗಿಯಾಗಿ ನಿಂತರು. ಅವರ ಕೆಲಸದಲ್ಲಿ ಸೀಟಿ ಅಂದರೆ ಎಚ್ಚರ! ಈ ಸಣ್ಣ ವಿಷಯ ನನ್ನ ದೊಡ್ಡ ತಲೆಗೆ ಹೊಳೆದಿರಲಿಲ್ಲ. ಮತ್ತೆ ಊದಿದೆ. ಇನ್ನೂ ಬಿಗಿಯಾದರು.

ಕರೆಂಟಣ್ಣ ಓಡಿ ಬಂದು ಗುದ್ದಿದ, ರಜಾಯಿಯ ಹತ್ತಿಯಿಂದಾಗಿ ಚೆಂಡಿನಂತೆ ಹಿಂದಕ್ಕೆ ಪುಟಿದ. ಕಾಲುಗಳ ಸಂದಿಯಲ್ಲಿ ತೂರಲು ನೋಡಿದ, ಸಂದಿಗಳೆಲ್ಲ ಮುಚ್ಚಿಕೊಂಡವು. ಹೆಗಲ ಮೇಲೆ ಹತ್ತಲು ಹೋದ, ಎತ್ತಿ ಕೆಳಗಿಟ್ಟರು. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ತಲೆ ಹಾಕಿ, "ಕರೆಂಟಣ್ಣಾ, ಲಿಫ್ಟ್ ನಿಂತುಹೋಗಿದೆ!" ಅಂತ ಕೂಗಿದರು. "ಈಗ ಬರೋಕಾಗಲ್ಲ, ನಾನು ಗಡ್ಡೆ!" ಅಂತ ಅವನು ಏದುಸಿರು ಬಿಡುತ್ತಲೇ ಕೂಗಿದ.

"ಬಿಡ್ರೋ ಅವನನ್ನ!" ನಾನು ತಡೆಯಲಾರದೆ ವೇದಿಕೆಗೇ ನುಗ್ಗಿದೆ. "ನಾಟಕ ಮುಂದೆ ಹೋಗಬೇಕು!"

"ಆಗಲ್ಲ ಡಾಕ್ಟರಮ್ಮಾ" ಅಂದ ಗೇಟಪ್ಪ, ಇಡೀ ಸಭೆಗೆ ಕೇಳುವಂತೆ. "ಗಡ್ಡೆಗೆ ಪಾಸ್ ಇಲ್ಲ."

ಸಭಾಂಗಣ ಸೂರು ಕಿತ್ತುಹೋಗುವಂತೆ ಚಪ್ಪಾಳೆ ಹೊಡೆಯಿತು. ದೊಡ್ಡ ಡಾಕ್ಟರು "ಭೇಷ್!" ಅಂದರು. ಗೇಟಪ್ಪನ ಮೀಸೆ ನಡುಗಿತು. ಅಕ್ಕ ಸರ್ಜನ್ ಮೇಡಂ ಕಡೆ ತಿರುಗಿ ಹೇಳುತ್ತಿದ್ದಳು, ನನಗೆ ಒಂದೊಂದು ಮಾತೂ ಕೇಳಿಸಿತು. "ನೋಡಿದ್ರಾ ಮೇಡಂ, ಎಷ್ಟು ಗಟ್ಟಿ ಇದೆ? ನನ್ನೊಳಗೂ ಇಂಥದ್ದೇ ಇರೋದು ಅಂತ ಪುಟ್ಟಿನೇ ಹೇಳಿದ್ಲು. ಇನ್ನು ಕತ್ತಿ ಯಾಕೆ? ಪಾಪ, ಚೆನ್ನಾಗಿ ಬರೆದಿದ್ದಾಳೆ ನಾಟಕ."

ಬೆಣ್ಣೆ ಕೈಗೆ ಬಂತು ಅನ್ನುವಾಗ ಮಡಕೆಯೇ ಒಡೆದಿತ್ತು. ಇನ್ನು ಯಾರು ಹೇಳಿದರೂ ಇವಳು ಕೇಳುವುದಿಲ್ಲ, ಇವಳೂ ಹೋಗುತ್ತಾಳೆ, ಆಗ ನನ್ನನ್ನು ಪುಟ್ಟಿ ಅನ್ನುವವರು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ ಅನ್ನಿಸಿತು. ಗೇಟಪ್ಪನ ತೋಳು ಹಿಡಿದು ನಾನೇ ಜಗ್ಗಿದೆ. ಅವನು ಮರದ ಬೊಡ್ಡೆಯಂತೆ ನಿಂತಿದ್ದ. ಕರೆಂಟಣ್ಣ ನನ್ನ ಹಿಂದೆ ಸೇರಿಕೊಂಡು ತಳ್ಳಿದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕೊನೆಯ ಸಲ ಅಂತ ಕರೆಂಟಣ್ಣ ವೇದಿಕೆಯ ಆ ತುದಿಯಿಂದ ಓಡಿ ಬಂದ. ಹತ್ತಿ ಕಾಲಿಗೆ ಸುತ್ತಿಕೊಂಡು ದೊಪ್ಪನೆ ಬಿದ್ದ. ಯಾರದೋ ಸೊಂಟದ ಕೊಕ್ಕೆ ತಾಗಿ ಮೊಣಕೈ ಗೀಚಿ ರಕ್ತ ಬಂತು. ಅವನು ಅಲ್ಲೇ ಕೂತು, ನೇರಳೆ ಮುಖ ಮಾಡಿಕೊಂಡು, ಕೈ ಮೇಲೆತ್ತಿ ಊದಿಕೊಂಡ.

ನಗು ನಿಂತಿತು. ಅಕ್ಕ ಎದ್ದು ನಿಂತಿದ್ದಳು.

"ಗೇಟಪ್ಪಾ, ರಕ್ತ ಬರ್ತಿದೆ ಕಣಪ್ಪಾ ಅವನಿಗೆ. ಎಷ್ಟು ಹೊತ್ತಿಂದ ಒದ್ದಾಡ್ತಿದ್ದಾನೆ. ಬಿಡು ಈಚೆ, ಪಟ್ಟಿ ಕಟ್ತೀನಿ."

ಗೇಟಪ್ಪ ತಿರುಗಿ ನೋಡಿದ. ರಕ್ತ ಕಂಡ. ಅಷ್ಟೇ, ಒಂದು ಮಾತಿಲ್ಲ, ಒಂದು ಪ್ರಶ್ನೆಯಿಲ್ಲ. ಗಾಯವಾದವನನ್ನು ಅವನ ಗೇಟು ಎಂದೂ ತಡೆದದ್ದಿಲ್ಲ, ಅವನಿಗೆ ಪಾಸ್ ಬೇಡ, ಹೊತ್ತುಗೊತ್ತು ಬೇಡ. ಕೊಕ್ಕೆಗಳು ಟಕಟಕ ಕಳಚಿದವು. ಇಡೀ ಗೋಡೆ ಎರಡು ಹೋಳಾಗಿ ದಾರಿ ಬಿಟ್ಟಿತು. ಇಬ್ಬರು ಕಾವಲುಗಾರರು ಕಂಕುಳಿಗೆ ಕೈ ಕೊಟ್ಟು ಗಡ್ಡೆಯನ್ನು ಎತ್ತಿಕೊಂಡು ಮೆಟ್ಟಿಲಿಳಿಸಿದರು.

ಇದನ್ನು ನಾನು ನಾಟಕದಲ್ಲಿ ಬರೆದಿರಲಿಲ್ಲ. ಜನಕ್ಕೆ ಗೋಜಲಾಗುತ್ತದೆ ಅಂತ ಕೈಬಿಟ್ಟಿದ್ದೆ. ಆದರೆ ಗಾಜಿನ ಮೇಲೆ ನಾನು ದಿನಾ ನೋಡುವುದು ಇದನ್ನೇ. ಗಡ್ಡೆ ಒಂದೇ ತನ್ನ ಬಲದಿಂದ ಎಲ್ಲವನ್ನೂ ಕತ್ತರಿಸಿಕೊಂಡು ಬರುವುದು ಕಡಿಮೆ. ಅದು ಗಾಯದ ವೇಷ ಹಾಕುತ್ತದೆ, ಗಾಯವಾದಾಗ ಏಳುವ ಕೂಗನ್ನೇ ಕೂಗುತ್ತದೆ. ಸುತ್ತಲಿನ ಒಳ್ಳೆಯ ಕೋಶಗಳು, ದುರಸ್ತಿಯ ಕೆಲಸದವು, ಅಯ್ಯೋ ಯಾರಿಗೋ ಪೆಟ್ಟಾಗಿದೆ ಅಂತ ಓಡಿ ಬರುತ್ತವೆ. ಎಳೆ ಕತ್ತರಿಸುವ ಕಿಣ್ವವನ್ನು ಎಷ್ಟೋ ಸಲ ಅವೇ ಸುರಿಯುತ್ತವೆ, ದಾರಿಯನ್ನು ಅವೇ ಬಿಡಿಸುತ್ತವೆ.

ಅಕ್ಕ ಮಡಿಲಿನ ಪಟ್ಟಿಯಿಂದ ಕರೆಂಟಣ್ಣನ ಮೊಣಕೈ ಸುತ್ತಿ ಬಿಗಿದಳು. ಅವನು "ಥ್ಯಾಂಕ್ಸ್ ಅಕ್ಕ" ಅಂತ ಎದ್ದ. ಎದ್ದವನಿಗೆ ಪಾತ್ರ ನೆನಪಾಯಿತು. ಪಾಪದವನು, ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ.

"ದಾಟಿದೆ!" ಅಂದ. "ಇನ್ನು ಎಲ್ಲಿಗೆ ಬೇಕಾದ್ರೂ ಹೋಗ್ತೀನಿ."

ಮೊದಲ ಸಾಲಿಗೇ ಹೋದ. "ಸ್ವಲ್ಪ ಸರೀತೀರಾ?" ಅಂತ ದೊಡ್ಡ ಡಾಕ್ಟರನ್ನು ಕೇಳಿದ. ಕೈಗೆ ಪಟ್ಟಿ ಕಟ್ಟಿದವನಲ್ಲವೇ, ಅವರು ಸರಿದರು. ರಜಾಯಿ ಸಮೇತ ಕೂತ. ಎದ್ದು ಎರಡನೇ ಸಾಲಿಗೆ ಹೋದ, ಅಲ್ಲೂ ಸರಿದರು. ನರ್ಸುಗಳು ಸರಿದರು, ಅಡುಗೆಯವರು ಸರಿದರು. ಒಬ್ಬಾಕೆ ನೀರು ಕೊಟ್ಟಳು, ಇನ್ನೊಬ್ಬರು ಎದ್ದು ತಮ್ಮ ಕುರ್ಚಿಯನ್ನೇ ಕೊಟ್ಟರು. ಅವನು ಹೋದ ಹೋದ ಕಡೆ ಎಲ್ಲರೂ ಪಾಪ, ಪಾಪ ಅಂತ ಜಾಗ ಮಾಡಿಕೊಟ್ಟರು. ನೋಡನೋಡುತ್ತಿದ್ದಂತೆ ಹತ್ತಿಯ ಚೂರು ಇಡೀ ಸಭಾಂಗಣದ ಕುರ್ಚಿ ಕುರ್ಚಿಯ ಮೇಲೂ ಹರಡಿತು. ಈಗ ಯಾರೂ ನಗುತ್ತಿರಲಿಲ್ಲ.

ಅಕ್ಕ ನಿಂತಲ್ಲೇ ತಿರುಗಿ ಅದನ್ನೇ ನೋಡುತ್ತಿದ್ದಳು. ನಾನು ವೇದಿಕೆಯ ಅಂಚಿಗೆ ಬಂದೆ.

"ಪುಟ್ಟಿ."

"ಹೇಳು ಅಕ್ಕ."

"ಅಷ್ಟು ಹೊತ್ತು ಏನು ಮಾಡಿದ್ರೂ ಬಿಡ್ಲಿಲ್ವಲ್ಲೇ ಇವರು."

"ಬಿಡ್ಲಿಲ್ಲ."

"ನಾನು ಬಿಡು ಅಂದೆ."

ಅವಳು ಈಗ ನನ್ನ ಕಡೆ ತಿರುಗಿದಳು.

"ನನ್ನೊಳಗೂ ಹೀಗೇ ಏನೇ? ಅಯ್ಯೋ ಪಾಪ ಅಂತ ಒಳಗಿರೋರೇ ಬಿಡ್ತಾರಾ? ಬೇಲಿನೇ ಎದ್ದು ಹೊಲ ಮೇಯುತ್ತಾ?"

"ಮೇಯಲ್ಲ ಅಕ್ಕ. ಗಾಯ ಅಂತ ತಿಳ್ಕೊಂಡು ಬಿಡ್ತಾರೆ. ನಿನ್ನೊಳಗಿರೋರೆಲ್ಲ ನಿನ್ನ ಥರದವರೇ."

ಅವಳು ಕೈಯಲ್ಲಿ ಉಳಿದಿದ್ದ ಪಟ್ಟಿಯನ್ನು ನೋಡಿದಳು. "ಹಾಗಾದ್ರೆ ಕಷ್ಟ" ಅಂದಳು. ಆಮೇಲೆ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, "ಅಮ್ಮಂದು? ಅದೂ ಮುಂಚೆನೇ ದಾಟಿತ್ತಾ?"

"ಮುಂಚೆನೇ ಅಕ್ಕ. ತುಂಬ ಮುಂಚೆ. ಕತ್ತಿ ಹೋಗೋ ಹೊತ್ತಿಗೆ ಎಲ್ಲ ಕಡೆ ಕೂತಾಗಿತ್ತು. ನಮಗೆ ಆಮೇಲೆ ಕಾಣಿಸ್ತು ಅಷ್ಟೇ."

"ಆ ಡಾಕ್ಟರನ್ನ ನಾನು ಇಷ್ಟು ವರ್ಷ ದಿನಾ ಬೈದೆ" ಅಂದಳು. "ನಂಗೆ ಹೆದರಿಕೆ ಆಗ್ತಿದೆ ಕಣೇ ಪುಟ್ಟಿ."

ನನ್ನ ಅಕ್ಕ ಈ ಮಾತು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಮ್ಮ ಸತ್ತ ದಿನವೂ ಹೇಳಿರಲಿಲ್ಲ. "ನಂಗೂ ಅಕ್ಕ" ಅಂದೆ.

ಅವಳು ಮೂಗೆಳೆದುಕೊಂಡು ಸರ್ಜನ್ ಮೇಡಂ ಕಡೆ ತಿರುಗಿದಳು. "ಯಾವತ್ತು ಮಾಡ್ತೀರ?"

"ಸೋಮವಾರ ಮಾಡಬಹುದು" ಅಂದರು ಮೇಡಂ.

"ಸೋಮವಾರದವರೆಗೂ ಯಾರು ಕಾಯ್ತಾರೆ? ನನ್ನೊಳಗಿರೋರನ್ನ ನಾನು ನಂಬಲ್ಲ. ನಾಳೆ ಆಗಲ್ವಾ?"

"ಆಗುತ್ತೆ" ಅಂದರು ಮೇಡಂ.

ನಾನು ವೇದಿಕೆಯ ಅಂಚಿನಲ್ಲೇ ಕುಸಿದು ಕೂತು ಗೊಳೋ ಅಂತ ಅತ್ತುಬಿಟ್ಟೆ. ದೊಡ್ಡ ಡಾಕ್ಟರಿಗೆ ನಾಟಕ ಇಲ್ಲಿಗೆ ಮುಗಿಯುತ್ತದೆ ಅನ್ನಿಸಿರಬೇಕು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಎದ್ದ ಮೇಲೆ ಎಲ್ಲರೂ ಎದ್ದರು, ಇಡೀ ಸಭಾಂಗಣ ನಿಂತು ತಟ್ಟಿತು. ಅಕ್ಕ ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕ ಕೂತು ಭುಜ ಹಿಡಿದುಕೊಂಡಳು. "ಅಳಬೇಡ್ವೇ, ಜನ ನೋಡ್ತಿದ್ದಾರೆ" ಅಂದಳು, ತಾನೂ ಅಳುತ್ತಾ.